ಎಲ್ಲರಿಗಿಂತ ಜೋರು ಪಂಚ್ ಟೈಸನ್ ಅವರದೇನಾ?

ನಿಮ್ಮ ಪ್ರಶ್ನೆ ಹೀಗಿದೆ: ಬಾಕ್ಸಿಂಗ್ ಇತಿಹಾಸದಲ್ಲಿ ಎಲ್ಲರಿಗಿಂತ ಜೋರಾದ ಪಂಚ್ ಮೈಕ್ ಟೈಸನ್ ಅವರದೇ ಅಲ್ವಾ, ಮತ್ತೆ ಎಲ್ಲಕ್ಕಿಂತ ದೊಡ್ಡ ನಾಕೌಟ್ ಯಾವುದು?

ಮೊದಲನೆಯದಕ್ಕೆ ನನ್ನ ಉತ್ತರ ಟೈಸನ್ ಅಲ್ಲ, 1970ರ ದಶಕದ ಅಮೆರಿಕದ ಹೆವಿವೇಟ್ (ಅತಿ ಭಾರದ ವರ್ಗದ) ಬಾಕ್ಸರ್ ಅರ್ನಿ ಶೇವರ್ಸ್. ಹುಬ್ಬಳ್ಳಿಯಲ್ಲಿ ನಾನು ಹೋಗುವ ಜಿಮ್‌ನಲ್ಲಿ ಈ ಹೆಸರು ಹೇಳಿದರೆ ಹುಡುಗರು "ಅವ್ರ್ಯಾರ್ರೀ ಸರ?" ಅಂತ ಕೇಳುತ್ತಾರೆ. ಗೋಡೆ ಮೇಲೆ ಟೈಸನ್ ಇದ್ದಾರೆ, ಅಲಿ ಇದ್ದಾರೆ. ಶೇವರ್ಸ್ ಇಲ್ಲ. ಅವರು ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ, ಹಾಗಾಗಿ ಪೋಸ್ಟರ್ ಯಾರು ಹಾಕ್ತಾರೆ?

ಆದರೆ ಲೆಕ್ಕ ನೋಡಿ. 74 ಗೆಲುವು, ಅದರಲ್ಲಿ 68 ನಾಕೌಟ್. ಬರೀ ಅಂಕಿ ತೋರಿಸಿದರೆ ನೀವು ನಂಬಬೇಕಾಗಿಲ್ಲ. ದುರ್ಬಲರನ್ನು ಹುಡುಕಿ ಹೊಡೆದು ಅಂಕಿ ಬೆಳೆಸಿಕೊಂಡವರು ಬಾಕ್ಸಿಂಗ್‌ನಲ್ಲಿ ಬೇಕಾದಷ್ಟಿದ್ದಾರೆ. ನಾನು ನಂಬುವುದು ಸಾಕ್ಷಿಯನ್ನು. ಆ ಸಾಕ್ಷಿ ಹೆವಿವೇಟ್ ವಿಶ್ವ ಚಾಂಪಿಯನ್ ಆಗಿದ್ದ ಲ್ಯಾರಿ ಹೋಮ್ಸ್. 1979ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಶೇವರ್ಸ್ ಏಳನೇ ರೌಂಡ್‌ನಲ್ಲಿ ಒಂದು ಬಲಗೈ ಬೀಸಿದರು. ಹೋಮ್ಸ್ ನೆಲಕ್ಕೆ ಬಿದ್ದರು. ಹೇಗೆ ಎದ್ದರೋ ದೇವರಿಗೇ ಗೊತ್ತು. ಎದ್ದು, ತಡವರಿಸಿ, ಕೊನೆಗೆ ಹನ್ನೊಂದನೇ ರೌಂಡ್‌ನಲ್ಲಿ ಗೆದ್ದೂ ಬಿಟ್ಟರು. ಇದೇ ಹೋಮ್ಸ್ 1988ರ ಜನವರಿಯಲ್ಲಿ, 38ನೇ ವಯಸ್ಸಿನಲ್ಲಿ, ಟೈಸನ್ ಎದುರು ನಾಲ್ಕನೇ ರೌಂಡ್‌ಗೆ ನಾಕೌಟ್ ಆದರು. ಅಂದರೆ ಇಬ್ಬರ ಕೈ ರುಚಿಯನ್ನೂ ನೋಡಿದ ಮನುಷ್ಯ. ಟೈಸನ್ ಅವರಿಗಿಂತ ಶೇವರ್ಸ್ ಹೊಡೆತವೇ ಜೋರು ಎಂದು ಅವರೇ ಹೇಳಿದ್ದಾರೆ. ತನ್ನನ್ನು ಸೋಲಿಸಿದವನನ್ನು ಬಿಟ್ಟು ತಾನು ಸೋಲಿಸಿದವನನ್ನು ಹೊಗಳುವ ಸಾಕ್ಷಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. 1977ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಶೇವರ್ಸ್ ಎದುರು 15 ರೌಂಡ್ ಆಡಿ ಗೆದ್ದ ಅಲಿ ಕೂಡ, ಆ ಏಟಿಗೆ ಆಫ್ರಿಕಾದಲ್ಲಿರುವ ನಮ್ಮ ಬಳಗದವರೂ ನಡುಗಿದರು ಅಂತ ನಗೆಯಾಡಿದ್ದರು.

ಹಾಗಾದರೆ ಶೇವರ್ಸ್ ಯಾಕೆ ಚಾಂಪಿಯನ್ ಆಗಲಿಲ್ಲ? ದಮ್ಮು ಸಾಲುತ್ತಿರಲಿಲ್ಲ. ಶುರುವಿನಲ್ಲೇ ಎಲ್ಲ ಸುರಿದುಬಿಡುತ್ತಿದ್ದರು. 1975ರಲ್ಲಿ ರಾನ್ ಲೈಲ್ ಅವರನ್ನು ಎರಡನೇ ರೌಂಡ್‌ನಲ್ಲಿ ಕೆಡವಿ, ಆರನೇ ರೌಂಡ್‌ನಲ್ಲಿ ಅವರ ಕೈಯಲ್ಲೇ ನಾಕೌಟ್ ಆದರು.

ಈ ವಿಷಯದಲ್ಲಿ ಇಂಟರ್ನೆಟ್‌ನಲ್ಲಿ ಒಂದು ಕಾಟ ಇದೆ. "ಟೈಸನ್ ಪಂಚ್ 1800 ಪಿಎಸ್‌ಐ" ಅಂತ ಫಾರ್ವರ್ಡ್ ಬರುತ್ತದೆ ಅಲ್ವಾ? ಪಿಎಸ್‌ಐ ಎಂದರೆ ಪಂಕ್ಚರ್ ಅಂಗಡಿಯಲ್ಲಿ ಟೈರಿಗೆ ಗಾಳಿ ಹಾಕಿಸುವಾಗ ನೋಡುವ ಅಳತೆ. ಅದರಲ್ಲಿ ಪಂಚ್ ಅಳೆಯುವುದಕ್ಕೆ ಅರ್ಥವೇ ಇಲ್ಲ. ಸರಿಯಾಗಿ ಅಳೆದದ್ದು ಬೇಕಾದರೆ 1985ರ ಒಂದು ಪ್ರಯೋಗ ಇದೆ. ಬ್ರಿಟನ್ನಿನ ಹೆವಿವೇಟ್ ಫ್ರಾಂಕ್ ಬ್ರೂನೊ ಅವರಿಂದ ತೂಗುಬಿಟ್ಟ ಗುರಿಗೆ ಹೊಡೆಸಿ ನೋಡಿದರು. ಮುಷ್ಟಿಯ ವೇಗ ಸೆಕೆಂಡಿಗೆ 8.9 ಮೀಟರ್, ಅಂದರೆ ಗಂಟೆಗೆ ಸುಮಾರು 32 ಕಿಲೋಮೀಟರ್. ಹುಬ್ಬಳ್ಳಿ-ಧಾರವಾಡ ನಡುವಿನ ನಮ್ಮ ಚಿಗರಿ ಬಸ್ಸಿಗೂ ಅದಕ್ಕಿಂತ ಹೆಚ್ಚು ಸ್ಪೀಡ್ ಇದೆ. ಆದರೆ ಹೊಡೆತದ ಬಲ ಸುಮಾರು 0.4 ಟನ್ ಬಂತು. ಮುಷ್ಟಿ ಅಷ್ಟು ವೇಗಕ್ಕೆ ಏರಲು ತೆಗೆದುಕೊಂಡದ್ದು ಸೆಕೆಂಡಿನ ಹತ್ತನೇ ಒಂದು ಭಾಗ.

ಆ ಬಲ ತೋಳಿನಿಂದ ಬರುವುದಿಲ್ಲ. ಹಿಂದಿನ ಪಾದ ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಹಿಂಬಾಲಿಸುತ್ತದೆ, ಕೈ ಕೊನೆಗೆ ಬರುತ್ತದೆ. ಧಾರವಾಡ ಕಡೆ ಗರಡಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಾಳಿಯನ್ನು ಎತ್ತುವುದು ತೋಳಲ್ಲ, ನಡು ಅಂತ ವಸ್ತಾದರು ಮೊದಲ ದಿನವೇ ಹೇಳಿರುತ್ತಾರೆ. ಕುಸ್ತಿ ಬಿಟ್ಟು ಬಾಕ್ಸಿಂಗ್‌ಗೆ ಬಂದ ಹುಡುಗರು ಬ್ಯಾಗ್ ಮೇಲೆ ಬೇಗ ಕೈ ಕುದುರಿಸಿಕೊಳ್ಳುವುದನ್ನು ನಾನೇ ನೋಡಿದ್ದೇನೆ.

ಇನ್ನು ನಾಕೌಟ್. ಇದು ಬರೀ ಬಲದ ಮಾತಲ್ಲ. ಗದ್ದಕ್ಕೆ ಅಥವಾ ದವಡೆಯ ಪಕ್ಕಕ್ಕೆ ಬಿದ್ದ ಏಟು ತಲೆಯನ್ನು ಥಟ್ಟನೆ ತಿರುಗಿಸುತ್ತದೆ. ಒಳಗಿನ ಮಿದುಳು ಅದೇ ಕ್ಷಣಕ್ಕೆ ಜೊತೆಯಲ್ಲಿ ತಿರುಗುವುದಿಲ್ಲ, ಪ್ರಜ್ಞೆ ತಪ್ಪುತ್ತದೆ. ಏಟು ಬರುವುದು ಕಂಡರೆ ಕುತ್ತಿಗೆಯ ಸ್ನಾಯು ಬಿಗಿಯಾಗಿ ತಲೆಯನ್ನು ಸ್ವಲ್ಪ ಹಿಡಿದುಕೊಳ್ಳುತ್ತದೆ. ಕಾಣದಿದ್ದರೆ ಮುಗಿಯಿತು.

ಅದಕ್ಕೇ ನನ್ನ ಮೊದಲ ಆಯ್ಕೆ ಜೂಲಿಯನ್ ಜಾಕ್ಸನ್, 1990ರ ನವೆಂಬರ್, ಸ್ಪೇನ್‌ನಲ್ಲಿ ಹೆರೋಲ್ ಗ್ರಹಾಂ ವಿರುದ್ಧ. ಗ್ರಹಾಂ ಅವರನ್ನು ಮುಟ್ಟುವುದೇ ಕಷ್ಟ. ಮೂರು ರೌಂಡ್ ಜಾಕ್ಸನ್ ಅವರನ್ನು ಆಟ ಆಡಿಸಿದರು. ಜಾಕ್ಸನ್ ಕಣ್ಣು ಊದಿಕೊಂಡು ಮುಚ್ಚುತ್ತಾ ಬಂತು. ಅವರಿಗೆ ಮೊದಲೇ ಕಣ್ಣಿನ ಆಪರೇಷನ್ ಬೇರೆ ಆಗಿತ್ತು. ಇನ್ನೊಂದು ರೌಂಡ್ ನೋಡಿ ಪಂದ್ಯ ನಿಲ್ಲಿಸುವ ಹಂತಕ್ಕೆ ಬಂದಿತ್ತು. ನಾಲ್ಕನೇ ರೌಂಡ್‌ನಲ್ಲಿ ಜಾಕ್ಸನ್ ಹಗ್ಗದ ಕಡೆಗೆ ಹಿಂದೆ ಸರಿದರು, ಮುಗಿಸಿಬಿಡೋಣ ಅಂತ ಗ್ರಹಾಂ ಮುಂದೆ ನುಗ್ಗಿದರು. ಒಂದೇ ಒಂದು ಬಲಗೈ. ನೆಲ ಮುಟ್ಟುವ ಮೊದಲೇ ಗ್ರಹಾಂಗೆ ಎಚ್ಚರ ತಪ್ಪಿತ್ತು. ರೆಫ್ರಿ ಎಣಿಸಿದ್ದು ಸುಮ್ನೆ ನಿಯಮಕ್ಕೆ. ಜಾಕ್ಸನ್ ಅವರ 55 ಗೆಲುವಿನಲ್ಲಿ 49 ನಾಕೌಟ್, ಆದರೆ ಅವರು ಹೆವಿವೇಟ್ ಅಲ್ಲ, ಅದಕ್ಕಿಂತ ಹಗುರ ತೂಕದ ಮಿಡ್ಲ್‌ವೇಟ್.

2012ರ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಹ್ವಾನ್ ಮಾನ್ವೆಲ್ ಮಾರ್ಕೆಸ್, ಫಿಲಿಪೀನ್ಸ್‌ನ ಮ್ಯಾನಿ ಪ್ಯಾಕ್ವಿಯೊ ಅವರನ್ನು ಕೆಡವಿದ್ದೂ ಇದೇ ಜಾತಿಯದು. ನಮ್ಮಲ್ಲಿ ಆಗ ರವಿವಾರ ಬೆಳಿಗ್ಗೆ. ಇಬ್ಬರ ನಡುವಿನ ನಾಲ್ಕನೇ ಪಂದ್ಯ. ಆರನೇ ರೌಂಡ್ ಮುಗಿಯಲು ಒಂದು ಸೆಕೆಂಡ್ ಬಾಕಿ. ಪ್ಯಾಕ್ವಿಯೊ ಮುನ್ನುಗ್ಗಿದರು, ಮಾರ್ಕೆಸ್ ಬಲಗೈಗೆ ತಾವೇ ಹೋಗಿ ಸಿಕ್ಕರು, ಮುಖ ಕೆಳಗೆ ಮಾಡಿ ಬಿದ್ದರು. ಅವರ ವೇಗವೂ ಆ ಏಟಿಗೆ ಸೇರಿಕೊಂಡಿತ್ತು.

ಅಂದಕ್ಕೆ ಅಂಕ ಕೊಡುವುದಾದರೆ ಶುಗರ್ ರೇ ರಾಬಿನ್ಸನ್, 1957ರ ಮೇ 1, ಷಿಕಾಗೊ. 36 ತುಂಬಲು ಎರಡು ದಿನ ಬಾಕಿ. ನಾಲ್ಕು ತಿಂಗಳ ಹಿಂದೆ ತನ್ನನ್ನು ಸೋಲಿಸಿದ್ದ ಜೀನ್ ಫುಲ್‌ಮರ್ ಎದುರು, ಹಿಂದಕ್ಕೆ ಹೆಜ್ಜೆ ಇಡುತ್ತಲೇ ಎಡಗೈ ಹುಕ್ (ಮೊಣಕೈ ಮಡಚಿ ಪಕ್ಕದಿಂದ ಬೀಸುವ ಏಟು) ಹಾಕಿದರು. ಅಲ್ಲಿಯವರೆಗೆ ಫುಲ್‌ಮರ್ ಒಮ್ಮೆಯೂ ನಾಕೌಟ್ ಆದವರಲ್ಲ.

ಹೆವಿವೇಟ್ ಜಾರ್ಜ್ ಫೋರ್‌ಮನ್ ಅವರನ್ನು ಬಿಟ್ಟರೆ ನೀವು ಬೈಯುತ್ತೀರಿ. 1973ರಲ್ಲಿ ಜಮೈಕಾದಲ್ಲಿ, ಸೋಲೇ ಕಾಣದ ಜೋ ಫ್ರೇಜಿಯರ್ ಅವರನ್ನು ಎರಡೇ ರೌಂಡ್‌ನಲ್ಲಿ ಆರು ಸಲ ಕೆಡವಿದ್ದು ಎಲ್ಲರೂ ಹೇಳುವ ಕಥೆ. ನನಗೆ ಜಾಸ್ತಿ ಇಷ್ಟ 1994ರದ್ದು. ವಯಸ್ಸು 45, ಎದುರಿಗೆ 26ರ ಮೈಕಲ್ ಮೂರರ್, ಮೂವರೂ ಜಡ್ಜ್‌ಗಳ ಲೆಕ್ಕದಲ್ಲಿ ಹಿಂದೆ. ಹತ್ತನೇ ರೌಂಡ್‌ನಲ್ಲಿ ಒಂದು ಗಿಡ್ಡ ಬಲಗೈ, ದೂರದಿಂದ ಬೀಸಿದ್ದೂ ಅಲ್ಲ. ಮೂರರ್ ಮಲಗಿದರು. ಫೋರ್‌ಮನ್ ಹಾಕಿಕೊಂಡಿದ್ದು 20 ವರ್ಷದ ಹಿಂದೆ ಕಿನ್ಶಾಸಾದಲ್ಲಿ ಅಲಿಗೆ ಸೋತಾಗ ತೊಟ್ಟಿದ್ದ ಅದೇ ಚಡ್ಡಿ.

ಟೈಸನ್‌ಗೆ ಅನ್ಯಾಯ ಮಾಡುತ್ತಿಲ್ಲ. 1986ರಲ್ಲಿ ಟ್ರೆವರ್ ಬರ್ಬಿಕ್ ಒಂದೇ ಏಟು ತಿಂದು, ಏಳಲು ಹೋಗಿ ರಿಂಗ್ ತುಂಬಾ ತೂರಾಡಿದ್ದನ್ನು ಮರೆಯಲು ಆಗುವುದಿಲ್ಲ. ಟೈಸನ್ ಅವರ ಅಸಲಿ ಗುಟ್ಟು ವೇಗ. ಒಂದು ಪಂಚ್ ಕಂಡಿತು ಅನ್ನುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ. ಒಂಟಿ ಏಟಿನ ತೂಕ ಕೇಳಿದ್ದೀರಿ, ಅದಕ್ಕೇ ಶೇವರ್ಸ್ ಅಂದೆ.

ಇವುಗಳಲ್ಲಿ ಒಂದನ್ನೇ ನೋಡಲು ಟೈಮ್ ಇದ್ದರೆ ಜಾಕ್ಸನ್–ಗ್ರಹಾಂ ನೋಡಿ. ನೇರವಾಗಿ ನಾಲ್ಕನೇ ರೌಂಡ್‌ಗೆ ಓಡಿಸಬೇಡಿ, ಮೊದಲ ಮೂರನ್ನೂ ಪೂರ್ತಿ ನೋಡಿ.