ಘಟ್ಟದ ಕೆಳಗಿನ ಊಟ, ಆಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕರಾವಳಿಯ ವಿಚಾರವೇ ಜಾಸ್ತಿ. ಎಲ್ಲವನ್ನೂ ಹಾಕಲು ಜಾಗ ಸಾಲದು. ಆಟಿ ತಿಂಗಳು ಹತ್ತಿರ ಬಂತು, ಹಾಗಾಗಿ ಅದರ ಪ್ರಶ್ನೆ ಮೊದಲು.

ಪ್ರಶ್ನೆ: ಅಕ್ಕಾ, ನನ್ನ ತವರು ಬಂಟ್ವಾಳದ ಕಡೆ. ಮದುವೆಯಾಗಿ ಇಲ್ಲಿನ ತೋಟದ ಮನೆಗೆ ಬಂದಿದ್ದೇನೆ. ಊರಲ್ಲಿ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿಯುತ್ತಿದ್ದೆವು. ನಮ್ಮ ತೋಟದ ಅಂಚಿನಲ್ಲೂ ಅದೇ ಮರ ಇದೆ ಅನ್ನಿಸುತ್ತದೆ. ಇಲ್ಲೇ ಮಾಡಬಹುದಾ? ಅತ್ತೆಗೆ ಇದೆಲ್ಲ ಹೊಸತು, ಹೇಗೆ ಹೇಳಲಿ? – ಸಕಲೇಶಪುರದ ಓದುಗರು

ಉತ್ತರ: ‘ಅನ್ನಿಸುತ್ತದೆ’ ಅಂತ ಬರೆದಿದ್ದೀರಲ್ಲ, ಅಲ್ಲಿಗೇ ನಿಲ್ಲಿಸಿ. ಮರ ಯಾವುದು ಅಂತ ಖಚಿತವಾಗಿ ಗೊತ್ತಿಲ್ಲದೆ ಅದರ ತೊಗಟೆ ಮುಟ್ಟಬೇಡಿ. ಪಾಲೆ ಅಂದರೆ ಏಳೆಲೆ ಹಾಲೆ. ಗೆಣ್ಣಿನ ಸುತ್ತ ಎಲೆಗಳು ಗುಂಪಾಗಿ ಬರುತ್ತವೆ, ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ. ಇಷ್ಟು ಓದಿಕೊಂಡು ನೀವೇ ಗುರುತು ಹಿಡಿಯಲು ಹೋಗಬೇಡಿ ಅಂತಲೇ ನನ್ನ ಮಾತು. ಪಾಲೆ ಅಂದುಕೊಂಡು ಕಾಸರಕನ ತೊಗಟೆ ತಂದರೆ ಅದು ವಿಷ, ಜೀವಕ್ಕೇ ಅಪಾಯ. ಊರಲ್ಲಿ ನಸುಕಿನಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುತ್ತಾರೆ, ಕತ್ತಿ ತಾಗಿಸುವುದಿಲ್ಲ. ಆದರೆ ಹಾಗೆ ಕತ್ತಲಲ್ಲಿ ಹೋಗುವವರಿಗೆ ಆ ಮರ ಹುಟ್ಟಿದಾಗಿನಿಂದ ಪರಿಚಯ. ಎಷ್ಟೋ ಮನೆಗಳಲ್ಲಿ ಹಿಂದಿನ ದಿನ ಹಗಲಲ್ಲೇ ಹೋಗಿ ಮರ ನೋಡಿಟ್ಟು ಬರುತ್ತಾರೆ.

ತವರಿನಿಂದ ತಿಳಿದವರು ತೆಗೆದ ತೊಗಟೆಯನ್ನೇ ತರಿಸಿಕೊಳ್ಳಿ. ಕಾಳುಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಅರೆದು ಸೋಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲು ಅದ್ದಿ, ಖಾಲಿ ಹೊಟ್ಟೆಯಲ್ಲಿ ಸ್ವಲ್ಪವೇ ಕುಡಿಯುವುದು. ಆಮೇಲೆ ಮೆಂತೆ ಗಂಜಿ ಬೇಕೇ ಬೇಕು, ಕಷಾಯ ಉಷ್ಣ, ಗಂಜಿ ತಂಪು ಅಂತ ಹಿರಿಯರ ಲೆಕ್ಕ. ಬಸುರಿಯರಿಗೂ ಸಣ್ಣ ಮಕ್ಕಳಿಗೂ ಕೊಡಬೇಡಿ. ದಿನಾ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು. ತೊಗಟೆ ಸಿಗದಿದ್ದರೆ ಈ ವರ್ಷ ಬಿಡಿ, ಮೆಂತೆ ಗಂಜಿ ಮಾತ್ರ ಮಾಡಿ. ಏನೂ ತಪ್ಪಿಲ್ಲ.

ಅತ್ತೆಗೆ ಹೇಳುವುದು ನೀವು ಅಂದುಕೊಂಡಷ್ಟು ಕಷ್ಟ ಇಲ್ಲ. ಸಾಮಾನ್ಯವಾಗಿ ನಿಮ್ಮ ಆಟಿ ಅಮಾವಾಸ್ಯೆಯ ದಿನವೇ ಅವರಿಗೆ ಭೀಮನ ಅಮಾವಾಸ್ಯೆ. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಹೋಗುವುದು ಅವರಿಗೆ ಗೊತ್ತು, ನಿಮ್ಮ ಕಡೆ ಆಟಿ ಕೂರಲು ಹೋಗುತ್ತಾರೆ. ಆಟಿ ಸೌರಮಾನದ ತಿಂಗಳು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅಷ್ಟೇ ವ್ಯತ್ಯಾಸ.

ಇನ್ನು ಊಟದ ವಿಚಾರ ತೆಗೆಯಿರಿ, ಮಾತು ತಾನಾಗಿ ಬೆಳೆಯುತ್ತದೆ. ಮೊದಲೆಲ್ಲ ಆಟಿ ಅಂದರೆ ಕಷ್ಟದ ತಿಂಗಳು. ನಾಟಿ ಮುಗಿದು ಕೂಲಿ ಇಲ್ಲ, ಹಿಂದಿನ ಬೆಳೆಯ ಅಕ್ಕಿ ತಳ ಕಂಡಿರುತ್ತದೆ, ಕಡಲಿಗೆ ದೋಣಿ ಇಳಿಸುವ ಹಾಗಿಲ್ಲ, ಬಿಡದೆ ಸುರಿಯುವ ಮಳೆ. ಆಗ ತಿನ್ನಲು ಇದ್ದದ್ದು ಎರಡೇ. ಬೇಸಿಗೆಯಲ್ಲಿ ಎತ್ತಿಟ್ಟದ್ದು ಒಂದು, ಮಳೆಗೆ ತಾನಾಗಿ ಚಿಗುರಿದ್ದು ಇನ್ನೊಂದು. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ, ಹಲಸಿನ ಬೀಜ, ಹುರುಳಿ, ಒಣಮೀನು ಅತ್ತ ಕಡೆ. ಇತ್ತ ಕಡೆ ತಜಂಕ್ ಸೊಪ್ಪು, ಕೆಸುವಿನ ಎಲೆ, ಕಣಿಲೆ. ಈ ಕಣಿಲೆ ನಿಮ್ಮ ಅತ್ತೆ ಮಾಡುವ ಕಳಲೆಯೇ ಅಲ್ವಾ? ಹೆಚ್ಚಿ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಬೇಯಿಸಿದ ನೀರನ್ನೂ ಚೆಲ್ಲುವ ಕ್ರಮ ಎರಡೂ ಕಡೆ ಒಂದೇ. ನನಗೆ ಕರಾವಳಿ ಅಡುಗೆಯಲ್ಲಿ ಎಲ್ಲಕ್ಕಿಂತ ಇಷ್ಟ ಇದೇ ಮಳೆಗಾಲದ ಊಟ. ಹೋಟೆಲಿನ ಮೆನುವಿನಲ್ಲಿ ಇದು ಬರುವುದು ಅಪರೂಪ. ಮನೆಯಲ್ಲಿ ಮಾಡಿದರಷ್ಟೇ ಉಳಿಯುತ್ತದೆ. ಅದಕ್ಕೇ ನೀವು ಮಾಡಬೇಕು ಅಂತ ಇಷ್ಟು ಉದ್ದ ಬರೆದೆ.

ಪ್ರಶ್ನೆ: ಮಂಗಳೂರಿನ ಗೆಳತಿ ಹೇಳಿಕೊಟ್ಟ ಹಾಗೆ ಪತ್ರೊಡೆ ಮಾಡಿದೆ, ತಿಂದವರಿಗೆಲ್ಲ ಗಂಟಲು ಕೆರೆತ. ಯಾಕೆ? – ಆಲ್ದೂರಿನ ಓದುಗರು

ಉತ್ತರ: ಹುಳಿ ಕಡಿಮೆಯಾಗಿದೆ, ಇಲ್ಲವೇ ಬೆಂದಿಲ್ಲ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರುತ್ತವೆ, ಕೆರೆತ ಅವುಗಳದ್ದು. ಅಕ್ಕಿ, ಮೆಣಸು, ಬೆಲ್ಲದ ಜೊತೆ ಹುಣಸೆಹಣ್ಣು ಧಾರಾಳವಾಗಿ ಹಾಕಿ ಅರೆಯಿರಿ. ಎಲೆಯ ನಾರು, ದಪ್ಪ ನರ ತೆಗೆಯಿರಿ. ಹಬೆಯಲ್ಲಿ ಒಂದು ಗಂಟೆಯಾದರೂ ಇರಲಿ. ಅಷ್ಟಕ್ಕೂ ನಿಮ್ಮೂರಿನ ಮರಗಳ ಮೇಲೇ ಮರಕೆಸು ಬೆಳೆಯುತ್ತದಲ್ಲ! ಅದು ಸಿಕ್ಕರೆ ಬೇರೆ ಎಲೆ ಹುಡುಕಬೇಡಿ, ಅದರಲ್ಲಿ ಕೆರೆತ ಕಡಿಮೆ.

ಪ್ರಶ್ನೆ: ಜೂನ್, ಜುಲೈನಲ್ಲೂ ಇಲ್ಲಿ ‘ಮಂಗಳೂರು ಫ್ರೆಶ್ ಮೀನು’ ಅಂತ ಮಾರುತ್ತಾರೆ. ನಂಬಬಹುದಾ? – ಹಾಸನದ ಓದುಗರು

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆಯಿಟ್ಟು ಮರಿ ಬೆಳೆಯಲಿ ಅಂತ ಈ ರಜೆ. ನಾಡದೋಣಿಯವರು ಕಡಲು ಶಾಂತವಾಗಿದ್ದ ದಿನ ಹೋಗುತ್ತಾರೆ, ಆ ಮೀನು ಅಲ್ಲಿಯ ಪೇಟೆಗೇ ಸಾಲುವುದಿಲ್ಲ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜೂನ್ ಮಧ್ಯದ ನಂತರ ನಿಮ್ಮಲ್ಲಿಗೆ ಬರುವುದರಲ್ಲಿ ಆ ಕಡೆಯ ಮೀನೂ ಇರಬಹುದು, ಐಸಿನಲ್ಲಿ ಬಹಳ ದಿನ ಇಟ್ಟದ್ದೂ ಇರಬಹುದು. ಮಳೆಗೆ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಲಾರಿ ಬರುವುದೂ ತಡ. ಊರ ಹೆಸರು ನೋಡಬೇಡಿ, ಮೀನು ನೋಡಿ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ನಿಲ್ಲಬಾರದು. ಅನುಮಾನ ಬಂದರೆ ಒಣ ಸಿಗಡಿ ತನ್ನಿ. ಹುರಿದು, ತೆಂಗಿನತುರಿ, ಬ್ಯಾಡಗಿ ಮೆಣಸು, ಹುಣಸೆ ಹಾಕಿ ಚಟ್ನಿ ಅರೆದರೆ ಆ ಎರಡು ತಿಂಗಳು ಆರಾಮಾಗಿ ಕಳೆಯುತ್ತವೆ. ಕರಾವಳಿಯವರು ಮಾಡುವುದೂ ಅದನ್ನೇ.

ಪ್ರಶ್ನೆ: ನಮ್ಮ ಸಂತೆಯಲ್ಲಿ ಸಿಗುವ ದುಂಡು ಹಸಿರು ಬದನೆಯೇ ಮಟ್ಟುಗುಳ್ಳವಾ? – ಬೇಲೂರಿನ ಓದುಗರು

ಉತ್ತರ: ದುಂಡಗೆ, ಹಸಿರಾಗಿ ಇದ್ದರೆ ಸಾಲದು. ಉಡುಪಿ ಹತ್ತಿರದ ಮಟ್ಟು ಗ್ರಾಮದ ಆಸುಪಾಸಿನ ಗದ್ದೆಯಲ್ಲಿ ಬೆಳೆದದ್ದು ಮಾತ್ರ ಮಟ್ಟುಗುಳ್ಳ. 2011ರಲ್ಲಿ ಇದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಬೀಜ ಕೊಟ್ಟವರು ವಾದಿರಾಜ ಗುರುಗಳು ಅಂತ ಅಲ್ಲಿಯವರ ನಂಬಿಕೆ. ನಿಮ್ಮ ಸಂತೆಯದು ಬೇರೆ ಬದನೆ ಆಗಿದ್ದರೂ ಹುಳಿ ಮಾಡಲು ಅಡ್ಡಿ ಇಲ್ಲ, ರುಚಿ ಅದೇ ಬರುವುದಿಲ್ಲ ಅಷ್ಟೇ.

ಪ್ರಶ್ನೆ: ಸಹೋದ್ಯೋಗಿಯ ಊರು ಪುತ್ತೂರಿನ ಹತ್ತಿರ. ಅವರ ಕುಟುಂಬದ ನೇಮಕ್ಕೆ, ಅಂದರೆ ದೈವದ ಆರಾಧನೆಗೆ, ಕರೆದಿದ್ದಾರೆ. ನಾವು ಬಯಲುಸೀಮೆಯವರು, ಏನು ಮಾಡಬೇಕು, ಏನು ಮಾಡಬಾರದು ಗೊತ್ತಿಲ್ಲ. – ಅರಸೀಕೆರೆಯ ಓದುಗರು

ಉತ್ತರ: ಖಂಡಿತ ಹೋಗಿ. ಒಂದು ಮಾತು ಮಾತ್ರ ಮನಸ್ಸಲ್ಲಿರಲಿ, ಅದು ಪ್ರದರ್ಶನ ಅಲ್ಲ. ಆ ಮನೆಯವರು ತಮ್ಮ ದೈವದ ಮುಂದೆ ಜಾಗದ ತಕರಾರು, ಕಾಯಿಲೆ, ಮಕ್ಕಳ ಮದುವೆ ಎಲ್ಲ ಹೇಳಿಕೊಂಡು ನುಡಿ ಕೇಳಲು ನಿಂತಿರುತ್ತಾರೆ. ಅಂಥ ಹೊತ್ತಲ್ಲಿ ಮೊಬೈಲ್ ಎತ್ತಿಕೊಂಡು ಮುಂದೆ ನುಗ್ಗಬೇಡಿ. ಫೋಟೊ ಬೇಕಿದ್ದರೆ ಮೊದಲೇ ಮನೆಯವರನ್ನು ಕೇಳಿ, ಬೇಡ ಅಂದರೆ ಬೇಡ. ಸಿಳ್ಳೆ, ಚಪ್ಪಾಳೆ, ದೈವದ ಕೂಗನ್ನು ಅನುಕರಿಸುವುದು ಯಾವುದೂ ಕೂಡದು. ಇತ್ತೀಚೆಗೆ ವೇದಿಕೆಗಳ ಮೇಲೆ ದೈವದ ವೇಷ ಹಾಕಿ ಕುಣಿಯುವುದನ್ನು ನೋಡಿದಾಗ ನಿಜಕ್ಕೂ ನೋವಾಗುತ್ತದೆ. ಚಪ್ಪಲಿ ಹೊರಗೆ ಬಿಡಿ. ಗಂಧ ಪ್ರಸಾದ ಕೊಟ್ಟರೆ ಬಲಗೈಯಲ್ಲಿ ತೆಗೆದುಕೊಳ್ಳಿ.

ದೈವ ಕಟ್ಟುವವರು ಪಂಬದ, ಪರವ, ನಲಿಕೆ ಸಮುದಾಯದವರು. ಮುಖಕ್ಕೆ ಬಣ್ಣ ಹಾಕಿಕೊಳ್ಳುವಾಗ ಅವರ ಮನೆಯ ಹೆಂಗಸರು ತೆಂಬರೆ ಎಂಬ ಸಣ್ಣ ಚರ್ಮವಾದ್ಯ ಬಡಿಯುತ್ತಾ ಪಾಡ್ದನ ಹೇಳುತ್ತಾರೆ. ಆ ದೈವದ ಹುಟ್ಟು, ಪಟ್ಟ ಪಾಡು, ನೆಲೆ ನಿಂತ ಜಾಗ ಎಲ್ಲ ಅದರಲ್ಲೇ ಇದೆ. ಸ್ವಲ್ಪ ಬೇಗ ಹೋದರೆ ಕೇಳಲು ಸಿಗುತ್ತದೆ, ತುಳು ಬಾರದಿದ್ದರೆ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಥ ಕೇಳಿ. ಮೇ ಕೊನೆಯ ವಾರದ ಪತ್ತನಾಜೆ ಕಳೆದರೆ ಮಳೆಗಾಲ ಮುಗಿಯುವ ತನಕ ಸಾಮಾನ್ಯವಾಗಿ ನೇಮ ಇರುವುದಿಲ್ಲ, ದಿನ ಯಾವುದು ಅಂತ ಸರಿಯಾಗಿ ಕೇಳಿಕೊಂಡು ರಜೆ ಹಾಕಿ.

ಪ್ರಶ್ನೆ: ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆಯ ಹಾಗೆ ನನಗೆ ಬರುತ್ತಲೇ ಇಲ್ಲ. ಒಮ್ಮೆ ಹರಿಯುತ್ತದೆ, ಒಮ್ಮೆ ರಬ್ಬರ್. – ಚಿಕ್ಕಮಗಳೂರಿನ ಓದುಗರು

ಉತ್ತರ: ಹರಿದರೆ ನೀರು ಜಾಸ್ತಿ, ಇಲ್ಲವೇ ಕಾವಲಿ ಕಾದಿಲ್ಲ. ರಬ್ಬರ್ ಆದರೆ ಹಿಟ್ಟು ಗಟ್ಟಿ, ಅಥವಾ ಅಕ್ಕಿ ಹೊಸದು. ಹಳೆಯ ಬೆಳ್ತಿಗೆ (ಕುಸುಬಲು ಅಲ್ಲದ ಬಿಳಿ) ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ಒಂದು ಹಿಡಿ ತೆಂಗಿನತುರಿ ಹಾಕಿ, ಕೈಗೆ ತರಿ ಸಿಗದ ಹಾಗೆ ಅರೆಯಿರಿ. ಉದ್ದು ಬೇಡ, ಹುಳಿ ಬರಿಸುವುದೂ ಬೇಡ. ಹಿಟ್ಟು ಮಜ್ಜಿಗೆಯಷ್ಟು ತೆಳ್ಳಗಿರಲಿ. ಹಿಟ್ಟು ತಳಕ್ಕೆ ಇಳಿಯುತ್ತದೆ, ಪ್ರತಿ ಸಲ ಕಲಕಿಯೇ ಸೌಟು ತುಂಬಿ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಅಂಚಿನಿಂದ ಸುರುವಿ ಒಳಗೆ ಬನ್ನಿ, ಸೌಟಿನಲ್ಲಿ ಹರಡಬೇಡಿ. ಮುಚ್ಚಳ ಮುಚ್ಚಿ, ಅಂಚು ಏಳುತ್ತಿದ್ದ ಹಾಗೆ ತೆಗೆಯಿರಿ, ಮಗುಚಿ ಹಾಕುವುದು ಬೇಡ. ಬಿಸಿ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಟಿಕೊಳ್ಳುತ್ತವೆ, ಸ್ವಲ್ಪ ಆರಿದ ಮೇಲೆ ಮಡಚಿಡಿ.