ತ್ರೀಫೇಸ್ ಏಳು ಗಂಟೆ ಬಂದರೂ ತೋಟಕ್ಕೆ ನೀರು ಸಾಲದೇಕೆ?

ನಾಗಮಂಗಲ ಕಡೆ ಬೋರ್‌ವೆಲ್ಲನ್ನೇ ನೆಚ್ಚಿಕೊಂಡಿರುವ ನಿಮ್ಮ ಪ್ರಶ್ನೆ ಇದು: ತ್ರೀಫೇಸ್ ಏಳು ಗಂಟೆ ಸಿಕ್ಕರೂ ನೀರು ಸಾಲುತ್ತಿಲ್ಲ, 5 ಎಚ್‌ಪಿ ಮೋಟರ್ ಪದೇಪದೇ ಸುಡುತ್ತಿದೆ, ಯಾಕೆ? ನನ್ನ ಪ್ರಕಾರ ಗಂಟೆ ಎಣಿಸುವ ಮೊದಲು ವೋಲ್ಟೇಜ್ ನೋಡಬೇಕು.

ಅಕ್ಕಪಕ್ಕದ ಪಂಪ್‌ಸೆಟ್‌ಗಳ ಜೊತೆ ನಿಮ್ಮದೂ ಓಡುತ್ತಿರುವಾಗ ಸ್ಟಾರ್ಟರ್‌ಗೆ ಬರುವ ಫೇಸ್‌ಗಳ ನಡುವಿನ ವೋಲ್ಟೇಜನ್ನು ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ. ಮೋಟರ್‌ಗಳು ಓಡದಿರುವಾಗ ಅಳೆದರೆ 400 ತೋರಿಸಿ ಮೋಸ ಮಾಡುತ್ತದೆ. 415 ಬರಬೇಕಾದಲ್ಲಿ 350ಕ್ಕಿಂತ ಇಳಿದರೆ ಓಡಿಸಬೇಡಿ. ಮೋಟರ್ ಸ್ಟಾರ್ಟ್ ಆಗುವಾಗಿನ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತದೆ: 330ರಲ್ಲಿ ಉಳಿಯುವುದು ಶೇ. 63. ಅಷ್ಟರಲ್ಲಿ ಆಂಪ್ಸ್ (ಮೋಟರ್ ಎಳೆಯುವ ಕರೆಂಟ್) ಏರಿ ವೈಂಡಿಂಗ್, ಅಂದರೆ ಮೋಟರ್ ಒಳಗೆ ಸುತ್ತಿದ ತಂತಿ, ಬಿಸಿಯಾಗುತ್ತದೆ, ಸ್ಪೀಡ್ ಇಳಿಯುತ್ತದೆ. ಆಳದ ಬೋರಿನಲ್ಲಿ ಸ್ಪೀಡ್ ಸ್ವಲ್ಪ ಇಳಿದರೂ ನೀರು ತುಂಬಾ ಕಮ್ಮಿಯಾಗುತ್ತದೆ.

ವೋಲ್ಟೇಜ್ ಇಳಿಯುವುದು ಸಾಮಾನ್ಯವಾಗಿ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್) ಈಚೆಗೆ. 5 ಎಚ್‌ಪಿ ಮೋಟರ್ ಒಂದಕ್ಕೆ ಹತ್ತಿರ ಹತ್ತಿರ 5 ಕೆವಿಎ (ಟಿಸಿ ಸಾಮರ್ಥ್ಯದ ಅಳತೆ) ಬೇಕು; ಅಂದರೆ 25 ಕೆವಿಎ ಟಿಸಿಗೆ ಐದು ಮೋಟರ್ ಆದರೆ ಮುಗಿಯಿತು. ಅದಕ್ಕೆ ಒಂಬತ್ತು ಕಟ್ಟಿ, ಟಿಸಿಯಿಂದ ಪಂಪ್‌ಸೆಟ್‌ಗೆ ಬರುವ ಎಲ್‌ಟಿ ಲೈನನ್ನೂ ಉದ್ದಕ್ಕೆ ಎಳೆದರೆ ಕೊನೆಯ ಜಮೀನಿನವನಿಗೆ ಲೋ ವೋಲ್ಟೇಜೇ ಗತಿ. ಅದರ ಮೇಲೆ ಆಟೋ ಸ್ಟಾರ್ಟರ್ ಕಾಟ ಬೇರೆ: ಕರೆಂಟ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಎದ್ದು, ಒಂದೊಂದೂ ಮಾಮೂಲಿಯ ಆರು ಪಟ್ಟು ಆಂಪ್ಸ್ ಎಳೆದು ಫ್ಯೂಸ್ ಹಾರಿಸುತ್ತವೆ. ಒಂದು ಫೇಸ್ ಹೋದದ್ದು ಗೊತ್ತಾಗದೆ ಓಡಿದ ಮೋಟರ್ ಅವತ್ತೇ ಸುಡುತ್ತದೆ. ಕಂಡೆನ್ಸರ್ ಹಾಕಿ ಎರಡೇ ಫೇಸಲ್ಲಿ ಓಡಿಸುವ ಉಪಾಯವನ್ನಂತೂ ಬಿಟ್ಟುಬಿಡಿ.

ಇಳುವರಿಗೆ ಪೆಟ್ಟು ಬೀಳುವುದು ಇಲ್ಲೇ. ಮೋಟರ್ ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವಷ್ಟರಲ್ಲಿ ವಾರ ಕಳೆದಿರುತ್ತದೆ. ಕಬ್ಬು ಮರಿ ಒಡೆಯುವ ಹೊತ್ತಿಗೆ ನೀರು ತಪ್ಪಿದರೆ ಮರಿ ಸಾಯುತ್ತವೆ, ಆಮೇಲೆ ಎಷ್ಟು ಹಾಯಿಸಿದರೂ ಆ ಸಂಖ್ಯೆ ತುಂಬುವುದಿಲ್ಲ. ಹಿಪ್ಪುನೇರಳೆಯವರಿಗೆ ಇನ್ನೂ ಕಷ್ಟ. ರೇಷ್ಮೆ ಹುಳು ಕೊನೆಯ ಜ್ವರದಿಂದ (ಪೊರೆ ಬಿಡುವ ಹೊತ್ತು) ಎದ್ದಾಗ ಸೊಪ್ಪಿಲ್ಲದಿದ್ದರೆ ದುಡ್ಡು ಕೊಟ್ಟು ತರಬೇಕು.

ನಿಮ್ಮ ಕೈಲಾಗುವುದು: ಫೇಸ್ ಹೋದರೆ ಮೋಟರ್ ನಿಲ್ಲಿಸುವ ಪ್ರಿವೆಂಟರ್, ಸರಿಯಾದ ಆಂಪ್ಸ್‌ಗೆ ಇಟ್ಟ ಓವರ್‌ಲೋಡ್ ರಿಲೇ, ಆಟೋಗೆ ಟೈಮರ್ (ಒಬ್ಬೊಬ್ಬರು ಒಂದೊಂದು ನಿಮಿಷದ ಅಂತರಕ್ಕೆ ಇಟ್ಟುಕೊಳ್ಳಿ). ಜೊತೆಗೆ 5 ಎಚ್‌ಪಿಗೆ 2 ಕೆವಿಎಆರ್ ಅಳತೆಯ ಕೆಪಾಸಿಟರ್ (ಇದೂ ಕಂಡೆನ್ಸರೇ, ಆದರೆ ಮೂರೂ ಫೇಸಿಗೆ ಹಾಕುವಂಥದ್ದು), ಸ್ಟಾರ್ಟರ್‌ನಿಂದ ಮೋಟರ್ ಕಡೆಗೆ. ಅದು ಮೋಟರ್ ಆಂಪ್ಸ್ ಇಳಿಸಲ್ಲ, ಲೈನಿನ ಆಂಪ್ಸ್ ಇಳಿಸುತ್ತದೆ. ಹಾಗಾಗಿ ಒಂದೇ ಟಿಸಿಯ ರೈತರೆಲ್ಲ ಹಾಕಿಸಿದರೇ ಫಲ.

ಉಳಿದದ್ದು ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ನ ಕೆಲಸ. "ಕರೆಂಟ್ ಸರಿಯಿಲ್ಲ" ಅಂತ ಅರ್ಜಿ ಬರೆಯಬೇಡಿ. ಟಿಸಿ ಕೆವಿಎ, ಅದರಲ್ಲಿರುವ ಪಂಪ್‌ಸೆಟ್‌ಗಳ ಒಟ್ಟು ಎಚ್‌ಪಿ, ಲೈನಿನ ಕೊನೆಯಲ್ಲಿ ಅಳೆದ ವೋಲ್ಟೇಜ್ ಬರೆದು, ಟಿಸಿಗೆ ಕರೆಂಟ್ ತರುವ 11 ಕೆವಿ ಲೈನನ್ನು ಹತ್ತಿರ ತಂದು ಇನ್ನೊಂದು ಟಿಸಿ ಕೂರಿಸಿ ಎಂದು ಎಲ್ಲರೂ ಸಹಿ ಹಾಕಿ ಕೊಡಿ.