2022ರ ಪ್ರವಾಹದ ನಂತರ ಚಳಿಗಾಲದಲ್ಲಿ ಕುಕ್ ಸಿಟಿಗೆ ಸ್ಕೀ ಮಾಡಲು ಹೋಗಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಫೆಬ್ರವರಿಯಲ್ಲಿ ಇಬ್ಬರು ಗೆಳೆಯರ ಜೊತೆ ಅಮೆರಿಕದ ಮೊಂಟಾನಾ ರಾಜ್ಯದ ಕುಕ್ ಸಿಟಿ ಕಡೆ ಬ್ಯಾಕ್‌ಕಂಟ್ರಿ ಸ್ಕೀ (ಲಿಫ್ಟ್ ಇಲ್ಲದ ಬೆಟ್ಟವನ್ನು ತಾವೇ ಹತ್ತಿ ಇಳಿಯುವುದು) ಮಾಡಬೇಕು, ಆದರೆ ಯೆಲ್ಲೋಸ್ಟೋನ್ ಪಾರ್ಕಿನ ರಸ್ತೆ ಪ್ರವಾಹದಲ್ಲಿ ಕೊಚ್ಚಿಹೋಗಿದೆ ಅಂತ ಓದಿದ್ದೀರಿ, ಕಾರಲ್ಲಿ ಹೋಗಬಹುದಾ? ಹೋಗಬಹುದು. ನಾನು ಬೋಜ್‌ಮನ್‌ನಲ್ಲಿದ್ದೇನೆ, ಪ್ರತಿ ಚಳಿಗಾಲ ಒಂದೆರಡು ಸಲ ಅಲ್ಲಿಗೆ ಹೋಗುತ್ತೇನೆ. ಆದರೆ 'ರಸ್ತೆ ತೆರೆದಿದೆ' ಅನ್ನುವ ಒಂದೇ ಮಾತು ನಂಬಿಕೊಂಡು ಹೊರಡಬೇಡಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಆ ಊರು ಎಲ್ಲಿದೆ ಅಂತ ಸರಿಯಾಗಿ ತಿಳಿದುಕೊಳ್ಳಿ. ಪಾರ್ಕಿನ ಈಶಾನ್ಯ ಗೇಟು ದಾಟಿದ ಕೂಡಲೇ ಸಿಲ್ವರ್ ಗೇಟ್, ಆಮೇಲೆ ಕುಕ್ ಸಿಟಿ. ಬೇಸಿಗೆಯಲ್ಲಿ ಅಲ್ಲಿಗೆ ಮೂರು ದಾರಿ: ಪಾರ್ಕಿನ ಒಳಗಿಂದ, ಬೇರ್‌ಟೂತ್ ಘಾಟಿಯಿಂದ, ಕೋಡಿ ಊರಿನ ಕಡೆಯಿಂದ. ಬೇರ್‌ಟೂತ್ ಘಾಟಿಯ ತುದಿ 10,947 ಅಡಿ ಎತ್ತರದಲ್ಲಿದೆ. ಚಳಿಗಾಲ ಬಂದರೆ ಅದು ಪೂರ್ತಿ ಬಂದ್. ಕೋಡಿ ಕಡೆಯ ರಸ್ತೆಯಲ್ಲಿ ಪೈಲಟ್ ಕ್ರೀಕ್ ತನಕ ಮಾತ್ರ ಸ್ನೋ ಪ್ಲೋ ಬರುತ್ತದೆ. ಅಲ್ಲಿಂದ ಕುಕ್ ಸಿಟಿ ತನಕ ಸುಮಾರು 13 ಕಿ.ಮೀ. ಯಾರೂ ಹಿಮ ತೆಗೆಯುವುದಿಲ್ಲ. ಊರವರು ಆ ತುಂಡನ್ನು 'ಪ್ಲಗ್' ಅಂತಾರೆ. ಅಲ್ಲಿ ಸ್ನೋಮೊಬೈಲ್ ಮಾತ್ರ ಓಡುತ್ತದೆ.

ನನ್ನ ಗೆಳೆಯನೊಬ್ಬ ಫೋನಿನ ಮ್ಯಾಪ್ ನಂಬಿ ಕೋಡಿ ಕಡೆಯಿಂದ ಬಂದ. ಸಂಜೆ ನಾಲ್ಕಕ್ಕೆ ಪೈಲಟ್ ಕ್ರೀಕ್‌ನಲ್ಲಿ ರಸ್ತೆ ಮುಗಿಯಿತು, ಎದುರಿಗೆ ಎದೆ ಮಟ್ಟದ ಹಿಮದ ಗೋಡೆ. ನಾನು ಗುಡ್ಡದ ಈಚೆ ಬದಿ ಕಾಯುತ್ತಿದ್ದೆ. ಅವನು ತಿರುಗಿ ಹೋಗಿ, ಬಿಲ್ಲಿಂಗ್ಸ್, ಲಿವಿಂಗ್‌ಸ್ಟನ್ ಸುತ್ತಿ, ಮರುದಿನ ಮಧ್ಯಾಹ್ನ ಬಂದು ಮುಟ್ಟಿದ.

ಹಾಗಾಗಿ ಚಳಿಗಾಲದಲ್ಲಿ ಉಳಿಯುವುದು ಒಂದೇ ದಾರಿ. ಗಾರ್ಡಿನರ್ ಊರಿಂದ ಪಾರ್ಕಿನೊಳಗೆ ನುಗ್ಗಿ, ಮ್ಯಾಮತ್, ಟವರ್ ಜಂಕ್ಷನ್, ಲಾಮಾರ್ ಕಣಿವೆ ದಾಟಿ ಕುಕ್ ಸಿಟಿ. ಸುಮಾರು 90 ಕಿ.ಮೀ. ಇಡೀ ಯೆಲ್ಲೋಸ್ಟೋನ್‌ನಲ್ಲಿ ವರ್ಷವಿಡೀ ಮಾಮೂಲಿ ಕಾರು ಓಡುವ ಉದ್ದದ ರಸ್ತೆ ಇದೊಂದೇ.

2022ರ ಜೂನ್ 13ರಂದು ಹರಿದುಹೋದದ್ದು ಇದೇ ರಸ್ತೆ. ಆ ವರ್ಷ ಬೆಟ್ಟದ ಮೇಲಿನ ಹಿಮ ಕರಗುವುದು ತಡವಾಗಿತ್ತು. ಅದರ ಮೇಲೆ ಜೋರು ಬೆಚ್ಚಗಿನ ಮಳೆ ಬಿತ್ತು. ಮಳೆ ನೀರು, ಹಿಮದ ನೀರು ಎರಡೂ ಒಟ್ಟಿಗೆ ಇಳಿದವು. ಕಾರ್ವಿನ್ ಸ್ಪ್ರಿಂಗ್ಸ್ ಹತ್ತಿರ ಯೆಲ್ಲೋಸ್ಟೋನ್ ನದಿ 13.88 ಅಡಿ ಮುಟ್ಟಿತು. ಅದಕ್ಕೆ ಮೊದಲಿನ ದಾಖಲೆ 1918ರ 11.5 ಅಡಿ. ಪಾರ್ಕಿನ ಐದೂ ಗೇಟು ಮುಚ್ಚಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹೊರಗೆ ಕಳಿಸಿದರು. ಗಾರ್ಡಿನರ್‌ನಿಂದ ಮ್ಯಾಮತ್‌ಗೆ ಹೋಗುವ ರಸ್ತೆ ಗಾರ್ಡನರ್ ನದಿಯ ಇಕ್ಕಟ್ಟು ಕಣಿವೆಯಲ್ಲಿ ನೀರಿಗೆ ಅಂಟಿಕೊಂಡೇ ಇತ್ತು (ಊರು ಗಾರ್ಡಿನರ್, ನದಿ ಗಾರ್ಡನರ್, ತಪ್ಪು ಬರೆದದ್ದಲ್ಲ). ನದಿ ಅದರ ಬುಡವನ್ನೇ ಎಷ್ಟೋ ಕಡೆ ತಿಂದುಹಾಕಿತು. ಆಚೆ ಲಾಮಾರ್ ಕಣಿವೆ, ಸೋಡಾ ಬ್ಯೂಟ್ ಹಳ್ಳದ ಪಕ್ಕದ ರಸ್ತೆಯೂ ತುಂಡು ತುಂಡಾಯಿತು.

ನಮ್ಮೂರು ಸುಳ್ಯದ ಹತ್ತಿರ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಸಂಪಾಜೆ–ಮಡಿಕೇರಿ ರಸ್ತೆ ನಿಂತುಹೋದಾಗ ಅಮ್ಮ ಫೋನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಘಾಟಿ ಪೂರಾ ಜರಿದಿದೆ ಮಾರಾಯ, ಮಡಿಕೇರಿ ಈಗ ಬೇರೆಯೇ ದೇಶ ಆಗಿದೆ." ಕುಕ್ ಸಿಟಿಯ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಆ ಮಾತು. ಆಗಿನ್ನೂ ಜೂನ್. ಬೇಸಿಗೆಗೆ ಬೇರೆ ದಾರಿ ಇತ್ತು. ಆದರೆ ಅಕ್ಟೋಬರ್ ಹೊತ್ತಿಗೆ ಈ ರಸ್ತೆ ಜೋಡದಿದ್ದರೆ ಅಲ್ಲಿನ ಜನರಿಗೆ ದಿನಸಿ, ಔಷಧಿ, ಆಂಬುಲೆನ್ಸ್ ಎಲ್ಲದಕ್ಕೂ ಸ್ನೋಮೊಬೈಲೇ ಗತಿ. ನಮಗೆ ಸ್ಕೀ ತಪ್ಪಿದರೆ ಒಂದು ವರ್ಷದ ಬೇಜಾರು, ಅಷ್ಟೇ ಅಲ್ವಾ? ಅವರಿಗೆ ಅದು ಬದುಕು.

ಮಾಡಿದ ಕೆಲಸ ಮಾತ್ರ ದೊಡ್ಡದು. ಕಣಿವೆಯ ರಸ್ತೆಯನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಗುಡ್ಡದ ಮೇಲೆ ಓಲ್ಡ್ ಗಾರ್ಡಿನರ್ ರೋಡ್ ಅಂತ ಒಂದು ಮಣ್ಣಿನ ದಾರಿ ಇತ್ತು. 1880ರ ಸುಮಾರಿಗೆ ಕುದುರೆ ಗಾಡಿಗಳು ಓಡಾಡಿದ ದಾರಿ. ನಮ್ಮ ಕಾಲಕ್ಕೆ ಅದು ಒನ್ ವೇ. ಸುಮಾರು 6.5 ಕಿ.ಮೀ. ಉದ್ದದ ಆ ದಾರಿಯನ್ನು ಅಗಲ ಮಾಡಿ, ಡಾಂಬರು ಹಾಕಿ, ಅಂಚಿಗೆ ತಡೆಕಂಬಿ ಕೂರಿಸಿ ಎರಡೂ ದಿಕ್ಕಿನ ರಸ್ತೆ ಮಾಡಿದರು. ಈಶಾನ್ಯದ ರಸ್ತೆ ಅಕ್ಟೋಬರ್ 15ಕ್ಕೆ, ಈ ಗುಡ್ಡದ ರಸ್ತೆ ಅಕ್ಟೋಬರ್ 30ಕ್ಕೆ ಎಲ್ಲರಿಗೂ ತೆರೆಯಿತು. ನಾಲ್ಕೂವರೆ ತಿಂಗಳು! ಎಲ್ಲ ಕಡೆ ಹೀಗಾಗುವುದಿಲ್ಲ. ಮೌಂಟ್ ರೈನಿಯರ್ ಪಾರ್ಕಿನ ಕಾರ್ಬನ್ ರಿವರ್ ರಸ್ತೆ 2006ರ ನವೆಂಬರ್ ಪ್ರವಾಹದಲ್ಲಿ ಹೋದದ್ದು ಕಾರಿಗೆ ಮತ್ತೆ ತೆರೆಯಲೇ ಇಲ್ಲ. ಆಮೇಲೆ ಅದು ನಡೆಯುವವರ, ಸೈಕಲ್ಲಿನವರ ದಾರಿಯಾಯಿತು.

ಈಗ ನಿಮ್ಮ ಪ್ರಯಾಣಕ್ಕೆ ಬರೋಣ. ಗುಡ್ಡದ ಹೊಸ ರಸ್ತೆ ಹಳೆಯದಕ್ಕಿಂತ ಕಡಿದು, ತಿರುವೂ ಜಾಸ್ತಿ. ಮೋಡ ಕವಿದ ದಿನ ಗಾಳಿ ಹಿಮವನ್ನು ಅಡ್ಡಕ್ಕೆ ತಂದು ಸುರಿಯುತ್ತದೆ. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಫೋರ್ ವೀಲ್ ಡ್ರೈವ್ ಇದ್ದರೆ ಸಾಲದು, ಟೈರು ಕೇಳಿ. ಬೇಸಿಗೆಯ ಟೈರು ಹಾಕಿದ ದೊಡ್ಡ ಗಾಡಿಗಿಂತ ಒಳ್ಳೆ ಸ್ನೋ ಟೈರಿನ ಸಣ್ಣ ಕಾರೇ ವಾಸಿ. ಚೈನು ಡಿಕ್ಕಿಯಲ್ಲಿ ಇರಲಿ. ಗಾರ್ಡಿನರ್‌ನಲ್ಲಿ ಟ್ಯಾಂಕ್ ತುಂಬಿಸಿ. ಲಾಮಾರ್ ಕಣಿವೆಯಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ಕಾಡುಕೋಣದಂಥ ಬೈಸನ್‌ಗಳು ರಸ್ತೆ ಮಧ್ಯೆಯೇ ನಿಂತಿರುತ್ತವೆ, ಕಪ್ಪು ಮೈ, ಹತ್ತಿರ ಬರುವ ತನಕ ಕಾಣುವುದಿಲ್ಲ. ಅಲ್ಲಿ ಫೋನ್ ಸಿಗ್ನಲ್ಲೂ ನೆಚ್ಚಿಕೊಳ್ಳುವಂಥದ್ದಲ್ಲ.

ಪಾರ್ಕಿನೊಳಗೆ ಸ್ಕೀ ಮಾಡುವುದಾದರೆ ಪ್ಲೋ ಮಾಡಿದ ಪಾರ್ಕಿಂಗ್ ಜಾಗದಲ್ಲಿ ಮಾತ್ರ ಕಾರು ಬಿಡಿ. ರಸ್ತೆ ಬದಿ ಬಿಟ್ಟರೆ ಪ್ಲೋ ಬರುವಾಗ ನಿಮ್ಮಿಂದ ಊರಿಡೀ ಕಾಯಬೇಕಾಗುತ್ತದೆ. ಒಂದು ದಿನದ ಸ್ಕೀಗೆ ಪರ್ಮಿಟ್ ಬೇಡ, ಟೆಂಟ್ ಹಾಕಿ ರಾತ್ರಿ ಉಳಿಯುವುದಾದರೆ ಬೇಕು. ಬ್ಯಾರೊನೆಟ್ ಶಿಖರ ರಸ್ತೆಯಿಂದಲೇ ಕಾಣುತ್ತದೆ. ಎಲ್ಲರ ಕಣ್ಣೂ ಅದರ ಓಣಿಗಳ (ಬಂಡೆಗಳ ನಡುವೆ ಹಿಮ ತುಂಬಿದ ಕಡಿದಾದ ಇಕ್ಕಟ್ಟು ಇಳಿಜಾರು) ಮೇಲೇ. ದಯವಿಟ್ಟು ಮೊದಲ ದಿನವೇ ಅಲ್ಲಿ ಹತ್ತಬೇಡಿ. ಕೆಳಗಿನ ಬಂಡೆಗಳ ಮೇಲೆ ನೂಕಿದರೆ ಸಣ್ಣ ಹಿಮಕುಸಿತವೂ ಜೀವ ತೆಗೆಯುತ್ತದೆ. ಬೋಜ್‌ಮನ್‌ನ ಗ್ಯಾಲಟಿನ್ ಹಿಮಕುಸಿತ ಕೇಂದ್ರ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಕುಕ್ ಸಿಟಿ ಭಾಗಕ್ಕೂ ಮುನ್ಸೂಚನೆ ಕೊಡುತ್ತದೆ. ಅದನ್ನು ಓದದೆ ಸ್ಕೀಗೆ ಸ್ಕಿನ್ (ಹತ್ತುವಾಗ ಹಿಂದೆ ಜಾರದಂತೆ ಅಡಿಗೆ ಹಾಕುವ ಪಟ್ಟಿ) ಅಂಟಿಸಬೇಡಿ. ಮೂವರ ಹತ್ತಿರವೂ ಬೀಕನ್ (ಹಿಮದಡಿ ಹೂತವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇರಬೇಕು. ಬಳಸಿ ಅಭ್ಯಾಸವೂ ಆಗಿರಬೇಕು.

ಪ್ರವಾಹ ಬಿಟ್ಟುಹೋದ ಇನ್ನೊಂದು ವಿಷಯ ರಸ್ತೆಯ ಸುದ್ದಿಯಲ್ಲಿ ಬರುವುದಿಲ್ಲ. ಸೋಡಾ ಬ್ಯೂಟ್ ಹಳ್ಳ ಕೆಲವು ಕಡೆ ಜಾಗ ಬದಲಿಸಿದೆ, ದಂಡೆ ಕೊರೆದಿದೆ, ಮರದ ರಾಶಿ ತಂದು ಹಾಕಿದೆ. 2023ರ ಜನವರಿಯಲ್ಲಿ ನಾನು ಹಳೇ ಜಿಪಿಎಸ್ ಟ್ರ್ಯಾಕ್ ಹಿಡಿದು ಹಳ್ಳ ದಾಟಲು ಹೋದೆ. ಮೊದಲು ಇಳಿಜಾರಿದ್ದ ದಂಡೆ ಆಳೆತ್ತರದ ಗೋಡೆಯಾಗಿತ್ತು. ಮೇಲಿನ ಹಿಮ ನೀರಿನ ಮೇಲೆ ಚಾಚಿಕೊಂಡು ಗಟ್ಟಿ ನೆಲದ ಹಾಗೇ ಕಾಣುತ್ತಿತ್ತು. ಕೋಲು ಊರಿದೆ, ಮಣಿಕಟ್ಟಿನ ತನಕ ಒಳಗೆ ಹೋಯಿತು, ಕೆಳಗೆ ನೀರಿನ ಸದ್ದು. ಹಿಂದೆ ಸರಿದೆವು. ಆದ್ದರಿಂದ 2022ಕ್ಕಿಂತ ಮೊದಲಿನ ಟ್ರ್ಯಾಕ್ ಯಾರೇ ಕೊಟ್ಟರೂ ಹಳ್ಳದ ಭಾಗಕ್ಕೆ ಅದನ್ನು ಬಳಸಬೇಡಿ.

ನಿಮಗೆ ಮೂರು ದಿನ ಇದೆ ಅಂದಿದ್ದೀರಿ. ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ಜೋರು ಹಿಮ ಬಿದ್ದರೆ ಇರುವ ಒಂದೇ ರಸ್ತೆಯನ್ನೂ ಮುಚ್ಚುತ್ತಾರೆ, ಆಗ ಊರಲ್ಲೇ ಉಳಿಯಬೇಕು. ಹೊರಡುವ ಬೆಳಿಗ್ಗೆ ಪಾರ್ಕಿನ ರಸ್ತೆ ಸ್ಥಿತಿ ನೋಡಿ, ವಾಪಸು ಬರುವ ದಿನದ ಹವಾಮಾನವನ್ನೂ ಅವತ್ತೇ ನೋಡಿ. ಮೊದಲ ದಿನಕ್ಕೆ ಬ್ಯಾರೊನೆಟ್ ಬುಡದ ಹಳೇ ರಸ್ತೆಯ ಮೇಲಿನ ಸ್ಕೀ ಟ್ರೇಲ್ ಚೆನ್ನಾಗಿದೆ. ಸುಮಾರು 5.5 ಕಿ.ಮೀ., ಹೆಚ್ಚುಕಮ್ಮಿ ಸಮತಟ್ಟು, ಮರಗಳ ನಡುವೆ. ಕಾಲು ಸಡಿಲ ಮಾಡಿಕೊಳ್ಳುತ್ತಾ ಮೇಲಿನ ಇಳಿಜಾರುಗಳನ್ನು ನಿಧಾನವಾಗಿ ನೋಡಬಹುದು. ಯಾವ ಓಣಿ ಹಿಂದಿನ ದಿನ ಜರಿದಿದೆ ಅಂತ ಅಲ್ಲಿಂದ ಕಾಣುತ್ತದೆ.